ತಡವಾದ ರೀಫಂಡ್, ಬಂದ ನೋಟಿಸ್, ಉತ್ತರ ಕೊಡದ ಆಡಿಟರ್: ತೆರಿಗೆದಾರರು ತಾವೇ ಮಾಡಬಹುದಾದದ್ದು

ಆದಾಯ ತೆರಿಗೆಯ ರೀಫಂಡ್ ತಡವಾದಾಗ ಬಹುತೇಕರು ಮೊದಲು ಫೋನ್ ಮಾಡುವುದು ರಿಟರ್ನ್ ಸಲ್ಲಿಸಿಕೊಟ್ಟವರಿಗೆ. ‘ಪ್ರೊಸೆಸ್ ಆಗ್ತಾ ಇದೆ ಸಾರ್, ಬಂದುಬಿಡುತ್ತೆ’ ಎಂಬ ಉತ್ತರ ಸಿಗುತ್ತದೆ, ಮತ್ತೆರಡು ತಿಂಗಳು ಹಾಗೆಯೇ ಕಳೆದುಹೋಗುತ್ತದೆ. ಇಲಾಖೆಯ ಇ-ಫೈಲಿಂಗ್ ಜಾಲತಾಣಕ್ಕೆ ನಿಮ್ಮ ಪ್ಯಾನ್ ಸಂಖ್ಯೆಯಿಂದ ನೀವೇ ಲಾಗಿನ್ ಆಗಿ ನೋಡಿದರೆ ಹಣ ಎಲ್ಲಿ ನಿಂತಿದೆ ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಹಣ ನಿಮ್ಮದು, ಖಾತೆ ನಿಮ್ಮದು, ರಿಟರ್ನ್‌ನಲ್ಲಿ ತಪ್ಪಿದ್ದರೆ ಹೊಣೆಯೂ ನಿಮ್ಮದೇ. ಆದ್ದರಿಂದ ಈ ಕೆಲಸವನ್ನು ಪೂರ್ತಿಯಾಗಿ ಇನ್ನೊಬ್ಬರ ಕೈಗೆ ಬಿಡಬಾರದು.

ದೇಶದ ರಿಟರ್ನ್‌ಗಳನ್ನೆಲ್ಲ ಸಂಸ್ಕರಿಸುವ ಸಿಪಿಸಿ, ಅಂದರೆ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಇರುವುದು ನಮ್ಮ ಬೆಂಗಳೂರಿನಲ್ಲೇ. ಹಾಗೆಂದು ನೇರವಾಗಿ ಹೋಗಿ ವಿಚಾರಿಸಿದರೆ ಬೇಗ ಕೆಲಸವಾದೀತು ಎಂದು ನಂಬಿದವರು ಇಲ್ಲಿ ಅನೇಕರಿದ್ದಾರೆ. ಅದು ಗಣಕಯಂತ್ರದ ಮೂಲಕ ಲೆಕ್ಕ ತಾಳೆ ನೋಡುವ ಕೇಂದ್ರವೇ ಹೊರತು ಸಾರ್ವಜನಿಕರು ಬಂದು ಕಡತ ಕೇಳುವ ಕಚೇರಿಯಲ್ಲ. ಅವರೊಂದಿಗೆ ಮಾತನಾಡಲು 1800 103 0025 ಅಥವಾ 1800 419 0025 ಸಂಖ್ಯೆಗಳಿವೆ. ಕೋರಮಂಗಲದ ಬಿಎಂಟಿಸಿ ಕಟ್ಟಡದಲ್ಲಿಯೂ ಕ್ವೀನ್ಸ್ ರಸ್ತೆಯಲ್ಲಿಯೂ ಇರುವ ತೆರಿಗೆ ಕಚೇರಿಗಳ ಅಧಿಕಾರಿಗಳ ಪಾತ್ರ ಬೇರೆ. ಅವರ ಬಳಿಗೆ ಯಾವಾಗ ಹೋಗಬೇಕು ಎಂಬುದನ್ನು ಮುಂದೆ ಹೇಳಿದ್ದೇನೆ.

ಹಣ ಎಲ್ಲಿ ನಿಂತಿದೆ

ಮೊದಲು ನೋಡಬೇಕಾದದ್ದು ರಿಟರ್ನ್ ವೆರಿಫೈ ಆಗಿದೆಯೇ ಎಂಬುದನ್ನು. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕವೋ ನೆಟ್ ಬ್ಯಾಂಕಿಂಗ್ ಮೂಲಕವೋ ದೃಢೀಕರಿಸಬೇಕು. ಅದಾಗದಿದ್ದರೆ ಸಹಿ ಮಾಡಿದ ಐಟಿಆರ್-ವಿ, ಅಂದರೆ ರಿಟರ್ನ್ ಸ್ವೀಕೃತಿಯ ಪತ್ರವು, ಅಷ್ಟರೊಳಗೆ ಬೆಂಗಳೂರು 560500 ವಿಳಾಸದ ಸಿಪಿಸಿಗೆ ತಲುಪಬೇಕು. ಈ ಗಡುವು ಮೀರಿದರೆ ವೆರಿಫೈ ಮಾಡಿದ ದಿನವೇ ಸಲ್ಲಿಕೆಯ ದಿನವಾಗುತ್ತದೆ, ಸಕಾಲದ ರಿಟರ್ನ್ ತಡವಾದ ರಿಟರ್ನ್ ಆಗಿಬಿಡುತ್ತದೆ. ವೆರಿಫೈ ಆಗದ ರಿಟರ್ನ್‌ನ ರೀಫಂಡ್‌ಗಾಗಿ ತಿಂಗಳುಗಟ್ಟಲೆ ಕಾಯುವವರು ನಿಜಕ್ಕೂ ಇದ್ದಾರೆ.

ವೆರಿಫೈ ಆಗಿದ್ದು ‘ಅಂಡರ್ ಪ್ರೊಸೆಸಿಂಗ್’ ಎಂದು ತೋರಿಸುತ್ತಿದ್ದರೆ ಕಾನೂನು ಇಲಾಖೆಗೆ ಸಾಕಷ್ಟು ಉದ್ದದ ಸಮಯ ಕೊಟ್ಟಿದೆ ಎಂಬುದನ್ನು ತಿಳಿದಿರಬೇಕು. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ 9 ತಿಂಗಳವರೆಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 143(1)ರ ಇಂಟಿಮೇಶನ್, ಅಂದರೆ ಲೆಕ್ಕ ತಾಳೆ ನೋಡಿದ ಫಲಿತಾಂಶದ ಸೂಚನೆ, ಕಳಿಸಲು ಅವಕಾಶವಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಲ್ಲಿಸಿದ್ದರೆ ಆ ಗಡುವು 2026ರ ಡಿಸೆಂಬರ್ 31. ಸಂಬಳದಲ್ಲಿ ಮುರಿದ ಹಣಕ್ಕಾಗಿ ಇಷ್ಟು ದಿನ ಕಾಯಬೇಕೆನ್ನುವುದು ನ್ಯಾಯವೆಂದು ನನಗೆ ತೋರುವುದಿಲ್ಲ, ಆದರೆ ದೂರು ಬರೆಯುವ ಮೊದಲು ಈ ಗಡುವು ಗೊತ್ತಿದ್ದರೆ ದೂರಿಗೆ ಬಲ ಬರುತ್ತದೆ.

ಇಂಟಿಮೇಶನ್ ಬಂದಿದೆ, ರೀಫಂಡ್ ಮಂಜೂರಾಗಿದೆ, ಹಣ ಮಾತ್ರ ಬಂದಿಲ್ಲ ಎಂದಾದರೆ ನೋಡಬೇಕಾದದ್ದು ಬ್ಯಾಂಕ್ ಖಾತೆಯನ್ನು. ನಮ್ಮ ಕಡೆಯ ಹೆಸರುಗಳಿಗೆ ಇಲ್ಲಿ ವಿಶೇಷವಾದ ತೊಡಕಿದೆ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಬರೆಯುವುದು ನಮ್ಮ ರೂಢಿ. ಪ್ಯಾನ್ ಅರ್ಜಿಯಲ್ಲಿ ಅವುಗಳನ್ನು ಬಿಡಿಸಿ ಬರೆಯಬೇಕಾಗುತ್ತದೆ. ಹೀಗಾಗಿ ಪಾಸ್‌ಬುಕ್ಕಿನಲ್ಲಿ ‘ಎಚ್. ಎಸ್. ರಮೇಶ’ ಎಂದಿರುವವರು ಪ್ಯಾನ್ ಕಾರ್ಡಿನಲ್ಲಿ ಊರು ಮತ್ತು ತಂದೆಯ ಹೆಸರು ಸೇರಿದ ಮೂರು ಪದಗಳ ವ್ಯಕ್ತಿಯಾಗಿರುತ್ತಾರೆ, ಕಂಪ್ಯೂಟರಿಗೆ ಇಬ್ಬರೂ ಒಬ್ಬರೇ ಎಂದು ತಿಳಿಯುವುದಿಲ್ಲ, ಖಾತೆ ನಿಮ್ಮದೇ ಎಂದು ಮೊದಲೇ ದೃಢಪಡಿಸುವ ಪ್ರಿ-ವ್ಯಾಲಿಡೇಶನ್ ವಿಫಲವಾಗುತ್ತದೆ. ಬ್ಯಾಂಕಿನ ಶಾಖೆಗೆ ಪ್ಯಾನ್ ಮತ್ತು ಆಧಾರ್ ಪ್ರತಿ ಕೊಟ್ಟು ಕೆವೈಸಿಯಲ್ಲಿ ಹೆಸರನ್ನು ಪ್ಯಾನ್‌ನಲ್ಲಿರುವಂತೆ ತಿದ್ದಿಸಿ, ಖಾತೆಗೆ ಪ್ಯಾನ್ ಜೋಡಣೆಯಾಗಿದೆಯೇ ಎಂದು ಅಲ್ಲೇ ಕೇಳಿ ಖಚಿತಪಡಿಸಿಕೊಂಡು, ಅನಂತರ ಜಾಲತಾಣದಲ್ಲಿ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಬೇಕು.

ಹಿರಿಯರ ವಿಷಯದಲ್ಲಿ ಇನ್ನೊಂದು ಕಾರಣವಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್ ಜೊತೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕ್ ಜೊತೆ ವಿಲೀನವಾದವು. ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು. ಪಿಂಚಣಿದಾರರ ಪ್ರೊಫೈಲ್‌ನಲ್ಲಿ ಹಳೆಯ ಸಂಕೇತವೇ ಉಳಿದಿದ್ದರೆ ಹಣ ಹೋಗುವುದಿಲ್ಲ. ಹೊಸ ವಿವರ ಸೇರಿಸಿ, ‘ಸರ್ವೀಸಸ್’ ಭಾಗದಲ್ಲಿರುವ ‘ರೀಫಂಡ್ ರೀಇಶ್ಯೂ’ ಮನವಿ ಸಲ್ಲಿಸಿದರೆ ಸಾಕು. ಆಧಾರ್ ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ 1,000 ರೂಪಾಯಿ ಶುಲ್ಕ ಕಟ್ಟಿ ಅದನ್ನು ಮೊದಲು ಸರಿಪಡಿಸಬೇಕು. ನಿಷ್ಕ್ರಿಯವಾಗಿದ್ದ ಅವಧಿಗೆ ರೀಫಂಡ್ ಮೇಲಿನ ಬಡ್ಡಿಯೂ ಸಿಗುವುದಿಲ್ಲ.

ಕೆಲವೊಮ್ಮೆ ಹಳೆಯ ಬಾಕಿಯೊಂದು ರೀಫಂಡನ್ನು ನುಂಗುತ್ತದೆ. ಸೆಕ್ಷನ್ 245ರ ಪ್ರಕಾರ ಹೀಗೆ ಹೊಂದಿಸಿಕೊಳ್ಳುವ ಮೊದಲು ಇಲಾಖೆ ನಿಮಗೆ ತಿಳಿಸಬೇಕು, ನೀವು 21 ದಿನಗಳೊಳಗೆ ಒಪ್ಪಿಗೆಯನ್ನೋ ಆಕ್ಷೇಪಣೆಯನ್ನೋ ದಾಖಲಿಸಬೇಕು. ಸುಮ್ಮನಿದ್ದರೆ ಒಪ್ಪಿದಂತೆಯೇ. ಬಾಕಿ ಬಹಳ ಹಳೆಯದಾಗಿದ್ದರೆ 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಘೋಷಿಸಿದ ವಿನಾಯಿತಿಯನ್ನು ಪರಿಶೀಲಿಸಿ: 2009-10ನೇ ಹಣಕಾಸು ವರ್ಷದವರೆಗಿನ 25,000 ರೂಪಾಯಿವರೆಗಿನ ಹಾಗೂ 2010-11ರಿಂದ 2014-15ರವರೆಗಿನ 10,000 ರೂಪಾಯಿವರೆಗಿನ ತಗಾದೆಗಳನ್ನು, ಒಬ್ಬರಿಗೆ ಒಟ್ಟು 1 ಲಕ್ಷದ ಮಿತಿಯೊಳಗೆ, ಹಿಂಪಡೆಯಲಾಗಿದೆ. ಉಳಿದ ತಪ್ಪು ಬಾಕಿಗಳನ್ನು ತೆಗೆಸಲು ನಿಮ್ಮ ವ್ಯಾಪ್ತಿಯ ಅಸೆಸಿಂಗ್ ಅಧಿಕಾರಿಗೆ, ಅಂದರೆ ತೆರಿಗೆ ನಿರ್ಧರಿಸುವ ಅಧಿಕಾರಿಗೆ, ಪತ್ರ ಬರೆಯಬೇಕು. ಕೋರಮಂಗಲಕ್ಕೋ ಕ್ವೀನ್ಸ್ ರಸ್ತೆಗೋ ಹೋಗುವುದು ಸಾರ್ಥಕವಾಗುವುದು ಇಂಥ ಕೆಲಸಕ್ಕೆ, ಅದೂ ಹಳೆಯ ಚಲನ್ ಮತ್ತು ಆದೇಶದ ಪ್ರತಿ ಕೈಯಲ್ಲಿದ್ದಾಗ.

ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಂಡ ತೆರಿಗೆ, ತಾಳೆಯಾಗದೆ ರೀಫಂಡ್ ಕಡಿಮೆಯಾಗುವುದು ಈ ಊರಿನಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಕಂಪನಿ ಸಂಬಳದಲ್ಲಿ ತೆರಿಗೆ ಮುರಿದುಕೊಂಡಿರುತ್ತದೆ, ಸರ್ಕಾರಕ್ಕೆ ಕಟ್ಟಿರುವುದಿಲ್ಲ, ಅಷ್ಟರಲ್ಲಿ ಸ್ಟಾರ್ಟ್‌ಅಪ್ ಬಾಗಿಲು ಹಾಕಿರುತ್ತದೆ. ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯನ್ನು ತೋರಿಸುವ ಫಾರ್ಮ್ 26ಎಎಸ್‌ನಲ್ಲಿ ಆ ಮೊತ್ತ ಕಾಣದ ಕಾರಣ ಸಿಪಿಸಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಬಳದಿಂದ ಒಮ್ಮೆ ಮುರಿದ ತೆರಿಗೆಯನ್ನು ನೌಕರರಿಂದ ಮತ್ತೆ ವಸೂಲು ಮಾಡುವಂತಿಲ್ಲ ಎಂದು ಸೆಕ್ಷನ್ 205 ಹೇಳುತ್ತದೆ. ಪ್ರತಿ ತಿಂಗಳ ಪೇಸ್ಲಿಪ್, ನಿವ್ವಳ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ, ಇಷ್ಟನ್ನು ಕೆಲಸ ಬಿಡುವ ದಿನವೇ ಸ್ವಂತ ಇಮೇಲ್‌ಗೆ ಕಳಿಸಿಕೊಂಡಿದ್ದರೆ ಅಧಿಕಾರಿಯ ಮುಂದೆ ವಾದಿಸಲು ಆಧಾರ ಇರುತ್ತದೆ. ಕಂಪನಿಯ ಇಮೇಲ್ ಮುಚ್ಚಿದ ಮೇಲೆ ಇವು ಸಿಗುವುದು ಕಷ್ಟ.

ತಡಕ್ಕೆ ಬಡ್ಡಿ ಉಂಟು. ಸಕಾಲದಲ್ಲಿ ರಿಟರ್ನ್ ಸಲ್ಲಿಸಿದವರಿಗೆ ಸೆಕ್ಷನ್ 244ಎ ಅಡಿಯಲ್ಲಿ ಅಸೆಸ್‌ಮೆಂಟ್ ವರ್ಷದ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷದ) ಏಪ್ರಿಲ್ 1ರಿಂದ ತಿಂಗಳಿಗೆ ಶೇಕಡಾ 0.5 ಸಿಗುತ್ತದೆ, 40,000 ರೂಪಾಯಿ ಡಿಸೆಂಬರ್‌ನಲ್ಲಿ ಮಂಜೂರಾದರೆ ಒಂಬತ್ತು ತಿಂಗಳಿಗೆ 1,800 ರೂಪಾಯಿ. ರೀಫಂಡ್ ನಿಮ್ಮ ಒಟ್ಟು ತೆರಿಗೆಯ ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ಈ ಬಡ್ಡಿ ಇಲ್ಲ, ಬಂದ ಬಡ್ಡಿಯನ್ನು ಮರುವರ್ಷ ಆದಾಯವಾಗಿ ತೋರಿಸಲೂ ಬೇಕು. ತೆರಿಗೆದಾರರು ತಡ ಮಾಡಿದರೆ ತಿಂಗಳಿಗೆ ಶೇಕಡಾ 1, ಸರ್ಕಾರ ತಡ ಮಾಡಿದರೆ ಅದರ ಅರ್ಧ ಎಂಬ ಈ ತಾರತಮ್ಯ ಹೋಗಬೇಕು.

ನೋಟಿಸ್ ಬಂದಾಗ

ಯಾವ ನೋಟಿಸ್ ಬಂದರೂ ಅದರ ಮೇಲಿನ ಡಿಐಎನ್, ಅಂದರೆ ದಾಖಲೆ ಗುರುತಿನ ಸಂಖ್ಯೆಯನ್ನು, ಜಾಲತಾಣದಲ್ಲಿ ಹಾಕಿ ಅದು ಇಲಾಖೆಯದ್ದೇ ಎಂದು ಖಚಿತಪಡಿಸಿಕೊಳ್ಳಿ. ಇದಕ್ಕೆ ಲಾಗಿನ್ ಕೂಡ ಬೇಕಿಲ್ಲ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಈ ಸಂಖ್ಯೆ ಇರಲೇಬೇಕು. ರೀಫಂಡ್ ಕೊಡುತ್ತೇವೆ, ಲಿಂಕ್ ಒತ್ತಿ ಎಂದು ಬರುವ ಎಸ್‌ಎಂಎಸ್‌ಗಳಿಗೆ ಕೈ ಹಾಕಬೇಡಿ.

ಎಲ್ಲ ನೋಟಿಸ್‌ಗಳೂ ಒಂದೇ ಅಲ್ಲ. 143(1)(ಎ) ಅಡಿಯಲ್ಲಿ ಬರುವುದು ಲೆಕ್ಕದಲ್ಲಿ ವ್ಯತ್ಯಾಸವಿದೆ, 30 ದಿನಗಳೊಳಗೆ ಉತ್ತರಿಸಿ ಎಂಬ ಸೂಚನೆ. 139(9) ಬಂದರೆ ರಿಟರ್ನ್ ದೋಷಪೂರ್ಣವಾಗಿದೆ ಎಂದರ್ಥ. 15 ದಿನಗಳಲ್ಲಿ ಸರಿಪಡಿಸದಿದ್ದರೆ ರಿಟರ್ನ್ ಸಲ್ಲಿಸಿಯೇ ಇಲ್ಲವೆಂದು ಪರಿಗಣಿಸಬಹುದು. ನಿಜವಾದ ಪರಿಶೀಲನೆ, ಅಂದರೆ ಸ್ಕ್ರೂಟಿನಿ, ಆರಂಭವಾಗುವುದು 143(2) ನೋಟಿಸ್‌ನಿಂದ, ಮತ್ತು ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದು 3 ತಿಂಗಳಾದ ಮೇಲೆ ಅದನ್ನು ಕೊಡುವಂತಿಲ್ಲ. ಈ ಸಂಖ್ಯೆಗಳು 1961ರ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂಥದ್ದು, ಅದಕ್ಕೆ ಹಿಂದಿನ ವರ್ಷಗಳ ಆದಾಯಕ್ಕೆ ಹಳೆಯ ಸಂಖ್ಯೆಗಳೇ ಅನ್ವಯ.

ಸ್ಕ್ರೂಟಿನಿ ಈಗ ಮುಖಾಮುಖಿಯಿಲ್ಲದೆ ನಡೆಯುತ್ತದೆ. ಮಲ್ಲೇಶ್ವರದವರ ಕಡತವನ್ನು ಬೇರೆ ರಾಜ್ಯದ ಘಟಕ ನೋಡುತ್ತಿರಬಹುದು, ಅವರಿಗೆ ಕಾಣುವುದು ನೀವು ‘ಇ-ಪ್ರೊಸೀಡಿಂಗ್ಸ್’ನಲ್ಲಿ ಏರಿಸಿದ ಕಾಗದ ಮಾತ್ರ. ಆದ್ದರಿಂದ ಕೇಳಿದ ಪ್ರಶ್ನೆಗಳ ಕ್ರಮಸಂಖ್ಯೆಯಲ್ಲೇ ಉತ್ತರ ಬರೆಯಿರಿ, ಪ್ರತಿ ಉತ್ತರದ ಕೊನೆಗೆ ಅದಕ್ಕೆ ಸಂಬಂಧಿಸಿದ ದಾಖಲೆ ಯಾವ ಅನುಬಂಧದಲ್ಲಿದೆ ಎಂದು ನಮೂದಿಸಿ, ಸ್ಕ್ಯಾನ್ ಮಾಡಿದ ಕಡತಗಳಿಗೆ ‘ಬಾಡಿಗೆ ಕರಾರು’, ‘ಎಫ್‌ಡಿ ಬಡ್ಡಿ ಪ್ರಮಾಣಪತ್ರ’ ಎಂಬಂತೆ ನೋಡಿದೊಡನೆ ತಿಳಿಯುವ ಹೆಸರು ಕೊಡಿ. ಸಮಯ ಸಾಲದಿದ್ದರೆ ಗಡುವಿಗೆ ಮುನ್ನವೇ ಮುಂದೂಡಿಕೆ ಕೇಳಿ. ಉತ್ತರಿಸದಿದ್ದರೆ ಅಧಿಕಾರಿ ತಮಗೆ ಸಿಕ್ಕ ಮಾಹಿತಿಯ ಮೇಲೆಯೇ ಸೆಕ್ಷನ್ 144ರಡಿ ಆದೇಶ ಬರೆಯಬಹುದು, ಪ್ರತಿ ಲೋಪಕ್ಕೆ 10,000 ರೂಪಾಯಿ ದಂಡವನ್ನೂ ಹಾಕಬಹುದು. ಆದೇಶ ತಪ್ಪೆನಿಸಿದರೆ 30 ದಿನಗಳೊಳಗೆ ಫಾರ್ಮ್ 35ರಲ್ಲಿ ಮೇಲ್ಮನವಿ ಸಲ್ಲಿಸಬೇಕು. ಕೂಡುವ ಕಳೆಯುವ ತಪ್ಪಾಗಿದ್ದರೆ ಮೇಲ್ಮನವಿ ಬೇಕಿಲ್ಲ, ಸೆಕ್ಷನ್ 154ರ ತಿದ್ದುಪಡಿ ಅರ್ಜಿ ಸಾಕು.

ರಿಟರ್ನ್ ಸಲ್ಲಿಸಿಕೊಡುವವರ ವಿಷಯ

ಬಡಾವಣೆಯ ಜನರೆಲ್ಲ ಆಡಿಟರ್ ಎಂದು ಕರೆಯುವವರು ಚಾರ್ಟರ್ಡ್ ಅಕೌಂಟೆಂಟ್ (ಸಿಎ) ಆಗಿರಲೇಬೇಕೆಂದಿಲ್ಲ. ಸದಸ್ಯತ್ವ ಸಂಖ್ಯೆ ಕೇಳಿ, ಸಿಎಗಳ ಸಂಸ್ಥೆಯಾದ ಐಸಿಎಐ ಜಾಲತಾಣದಲ್ಲಿ ನೋಡಿ. ಪ್ರಾಮಾಣಿಕವಾಗಿ ದುಡಿಯುವ ಸಿಎಗಳೂ ಸಲಹೆಗಾರರೂ ಈ ಊರಿನಲ್ಲಿ ಬೇಕಾದಷ್ಟಿದ್ದಾರೆ; ಜುಲೈನಲ್ಲಿ ಅವರ ಮೇಲೆ ಬೀಳುವ ಹೊರೆಯನ್ನೂ ನಾವು ಅರಿಯಬೇಕು. ಆದರೆ ರೀಫಂಡ್‌ನಲ್ಲಿ ಇಷ್ಟು ಪಾಲು ಎಂದು ಶುಲ್ಕ ಕೇಳುವವರನ್ನು ಒಡನೆ ಬಿಡಿ. ಹಾಗೆ ಪಾಲಿನ ಲೆಕ್ಕದಲ್ಲಿ ಶುಲ್ಕ ಪಡೆಯುವುದು ಸಿಎಗಳ ವೃತ್ತಿನಿಯಮಕ್ಕೇ ಸಾಮಾನ್ಯವಾಗಿ ವಿರುದ್ಧ.

ಇಂಥವರು ರೀಫಂಡ್ ಹಿಗ್ಗಿಸುವ ಬಗೆ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಲೆಕ್ಕದಲ್ಲಿ ಬೆಂಗಳೂರನ್ನು ಮಹಾನಗರವೆಂದು ಹಿಡಿದು ಮೂಲ ವೇತನದ ಶೇಕಡಾ 50 ತೋರಿಸುತ್ತಾರೆ. 1961ರ ಕಾಯ್ದೆಯ ನಿಯಮದಲ್ಲಿ ಆ ದರ ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ ಮಾತ್ರ, ನಮಗೆ ಶೇಕಡಾ 40. ಭೋಗ್ಯಕ್ಕೆ ಹಾಕಿಕೊಂಡ ಮನೆಗೆ ತಿಂಗಳ ಬಾಡಿಗೆಯೇ ಇರುವುದಿಲ್ಲ, ಅದಕ್ಕೂ ಬಾಡಿಗೆ ರಸೀದಿ ಸೃಷ್ಟಿಸುತ್ತಾರೆ. ಹೆಸರೇ ಕೇಳದ ಪಕ್ಷಕ್ಕೆ ದೇಣಿಗೆ ಕೊಟ್ಟಂತೆ 80ಜಿಜಿಸಿ ಕಡಿತ ತೋರಿಸುತ್ತಾರೆ. 2018ರಲ್ಲಿ ಬೆಂಗಳೂರಿನ ಐಟಿ ಕಂಪನಿಗಳ ನೌಕರರು ಸಲಹೆಗಾರರ ಮೂಲಕ ಸುಳ್ಳು ಕಡಿತ ತೋರಿಸಿ ರೀಫಂಡ್ ಪಡೆದದ್ದು ಬಯಲಾದ ಬಳಿಕ ಸಿಪಿಸಿಯೇ ಸಂಬಳದಾರರನ್ನು ಎಚ್ಚರಿಸಿತ್ತು. 2025ರ ಜುಲೈನಲ್ಲಿ ಇಲಾಖೆ ಇಂಥ ಮಧ್ಯವರ್ತಿಗಳಿಗಾಗಿ ದೇಶದ 150 ಕಡೆ ಶೋಧ ನಡೆಸಿತು. ಸಿಕ್ಕಿಬಿದ್ದಾಗ ತಪ್ಪು ಮಾಹಿತಿಗೆ ಸೆಕ್ಷನ್ 270ಎ ಪ್ರಕಾರ ತಪ್ಪಿಸಿದ ತೆರಿಗೆಯ ಶೇಕಡಾ 200ರಷ್ಟು ದಂಡ ತೆರಬೇಕಾದವರು ತೆರಿಗೆದಾರರೇ. ಆದ್ದರಿಂದ ಸಲ್ಲಿಸುವ ಮೊದಲು ಪೂರ್ತಿ ರಿಟರ್ನ್‌ನ ಪಿಡಿಎಫ್ ತರಿಸಿಕೊಂಡು ಪ್ರತಿ ಕಡಿತದ ಎದುರು ನಿಮ್ಮಲ್ಲಿ ಕಾಗದವಿದೆಯೇ ಎಂದು ನೋಡಿ.

ಇನ್ನೊಂದು ಕೆಲಸವನ್ನು ಇಂದೇ ಮಾಡಬೇಕು. ನಿಮ್ಮ ಪ್ರೊಫೈಲ್‌ನಲ್ಲಿ ಪ್ರಾಥಮಿಕ ಮೊಬೈಲ್ ಮತ್ತು ಇಮೇಲ್ ಯಾರದ್ದಿದೆ ಎಂದು ನೋಡಿ. ರಿಟರ್ನ್ ಸಲ್ಲಿಸಿಕೊಡುವ ಅನೇಕ ಕಚೇರಿಗಳಲ್ಲಿ ಅನುಕೂಲಕ್ಕೆಂದು ತಮ್ಮದನ್ನೇ ಹಾಕಿರುತ್ತಾರೆ. ನೋಟಿಸ್‌ಗಳೆಲ್ಲ ಅವರಿಗೆ ಹೋಗುತ್ತವೆ, ಹಳೆಯ ಬಾಕಿಗೆ ಆಕ್ಷೇಪಿಸುವ 21 ದಿನಗಳ ಗಡುವು ನಿಮಗೆ ತಿಳಿಯುವ ಮೊದಲೇ ಮುಗಿಯುತ್ತದೆ. ಪಾಸ್‌ವರ್ಡ್ ಕೊಡಲು ಸತಾಯಿಸಿದರೆ ‘ಫರ್ಗಾಟ್ ಪಾಸ್‌ವರ್ಡ್’ ಮೂಲಕ ಆಧಾರ್ ಒಟಿಪಿಯಿಂದ ನೀವೇ ಬದಲಿಸಿಕೊಳ್ಳಬಹುದು.

ಎಲ್ಲ ಸರಿಯಿದ್ದೂ ಹಣ ಬಾರದಿದ್ದರೆ ಮೊದಲು ಇ-ಫೈಲಿಂಗ್ ಜಾಲತಾಣದ ‘ಗ್ರೀವೆನ್ಸಸ್’ನಲ್ಲಿ, ಅಲ್ಲಿ ಪರಿಹಾರ ಸಿಗದಿದ್ದರೆ ಕೇಂದ್ರ ಸರ್ಕಾರದ ದೂರು ಜಾಲತಾಣವಾದ ಸಿಪಿಗ್ರಾಮ್ಸ್‌ನಲ್ಲಿ ದೂರು ದಾಖಲಿಸಿ. ಕೋಪದ ಮಾತು ಬೇಡ, ಇಷ್ಟು ಸಾಕು: ‘ಇಂಥ ಅಸೆಸ್‌ಮೆಂಟ್ ವರ್ಷದ ರಿಟರ್ನ್, ಸ್ವೀಕೃತಿ ಸಂಖ್ಯೆ ಇಷ್ಟು, ಇಂಥ ದಿನ ವೆರಿಫೈ ಆಗಿದೆ. ಇಂಥ ದಿನದ ಇಂಟಿಮೇಶನ್‌ನಲ್ಲಿ ಇಷ್ಟು ರೂಪಾಯಿ ರೀಫಂಡ್ ನಿರ್ಧರಿಸಲಾಗಿದೆ. ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗಿದೆ, ಯಾವ ಬಾಕಿಯೂ ಇಲ್ಲ, ಯಾವ ನೋಟಿಸ್‌ಗೂ ಉತ್ತರ ಉಳಿದಿಲ್ಲ. ಸೆಕ್ಷನ್ 244ಎ ಬಡ್ಡಿಯೊಂದಿಗೆ ರೀಫಂಡ್ ಬಿಡುಗಡೆ ಮಾಡಬೇಕು. ತಡೆಹಿಡಿದಿದ್ದರೆ ಲಿಖಿತ ಕಾರಣವನ್ನು ತಿಳಿಸಬೇಕು.’ ಸ್ಕ್ರೂಟಿನಿಯ ನೆಪದಲ್ಲಿ ರೀಫಂಡ್ ತಡೆಯಬೇಕಾದರೆ ಅಧಿಕಾರಿ ಕಾರಣವನ್ನು ಬರೆದಿಟ್ಟು ಮೇಲಧಿಕಾರಿಯ ಒಪ್ಪಿಗೆ ಪಡೆಯಬೇಕು. ಆದ್ದರಿಂದ ಆ ಕೊನೆಯ ವಾಕ್ಯವನ್ನು ಬಿಡಬೇಡಿ, ದೂರಿನೊಂದಿಗೆ ಇಂಟಿಮೇಶನ್ ಮತ್ತು ಖಾತೆ ವ್ಯಾಲಿಡೇಟ್ ಆದ ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿ.