ಸೀರೆ ಅಂಗಡಿಯವನ ಹೆಂಡತಿಗೆ ಸೀರೆ ಬೇಡವಂತೆ

ಬಾಗಲಕೋಟೆ ಹಳೇ ಊರಿನಲ್ಲಿ ನಮ್ಮದು ಸೀರೆ ಅಂಗಡಿ. ಇಳಕಲ್ ಸೀರೆಯೇ ಜಾಸ್ತಿ. ಮದುವೆಯಾದ ಹೊಸದರಲ್ಲಿ ಗಿಫ್ಟಿನ ಚಿಂತೆಯೇ ಇರಲಿಲ್ಲ, ಕಪಾಟಿನಿಂದ ಒಂದು ತೆಗೆದು ಕೊಟ್ಟರಾಯಿತು ಅಂದುಕೊಂಡಿದ್ದೆ. ಮೊದಲ ವರ್ಷ ಗೋಮಿ ದಡಿಯದ್ದು (ಇಳಕಲ್ ಸೀರೆಯ ಒಂದು ಬಗೆಯ ಅಂಚು ಅದು) ಒಂದು ಕೊಟ್ಟೆ. "ಛಲೋ ಐತ್ರೀ" ಅಂದಳು, ಮಡಚಿ ಇಟ್ಟಳು. ಅವತ್ತೇ ಸಂಜೆ ಕೆಟ್ಟ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದಳು ನೋಡಿ, ಸೀರೆ ಕೈಗೆ ಬಂದಾಗ ಇರದಿದ್ದ ಕಳೆ ಆಗ ಮುಖದಲ್ಲಿತ್ತು.

ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ ಮೊದಲು ಅವಳ ಟೇಬಲ್ಲಿಗೇ ಹೋಗಬೇಕು. ಅವಳ ಡ್ರಾಯರಿನಲ್ಲಿ ಬಳೆಗಿಂತ ವೈರು ಜಾಸ್ತಿ.

ಎರಡನೇ ವರ್ಷ ಗೆಳೆಯನ ಹತ್ತಿರ ಸೆಕೆಂಡ್ ಹ್ಯಾಂಡ್ ಸ್ಮಾರ್ಟ್ ವಾಚ್ ತಗೊಂಡೆ. ದುಬಾರಿ ಮಾಲು, ನನಗೆ ಅಗ್ಗಕ್ಕೆ ಸಿಕ್ಕಿತ್ತು. ಅವಳು ಕಟ್ಟಿಕೊಂಡು, ಫೋನಿಗೆ ಜೋಡಿಸೋಕೆ ಅರ್ಧ ಗಂಟೆ ಒದ್ದಾಡಿ, ಕೊನೆಗೆ ನಕ್ಕಳು. ಆ ವಾಚು ಅದೇ ಕಂಪನಿಯ ಫೋನ್ ಇದ್ದರೆ ಮಾತ್ರ ಚಾಲೂ ಆಗೋದಂತೆ. ಇವಳದು ಆಂಡ್ರಾಯ್ಡ್. ನನಗೆ ಇದು ಹೊಳೀಬೇಕಿತ್ತು. ಯಾಕಂದ್ರೆ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಅಂದರೆ ಉದ್ದದ) ಎಳೆಗೂ ಸೆರಗಿನ ಹಾಸು ಎಳೆಗೂ ಕುಣಿಕೆ ಹಾಕಿ ಕೂಡಿಸ್ತಾರೆ, ತೋಪು ತೆನಿ ಅಂತಾರೆ ಅದಕ್ಕೆ. ಒಡಲು ಎಂಥದ್ದು ಅಂತ ನೋಡದೆ ಯಾವ ನೇಕಾರನೂ ಸೆರಗು ಕೂಡಿಸೋದಿಲ್ಲ. ನಾನು ಮಾತ್ರ ಬರೀ ಸೆರಗು ಕೊಂಡುಕೊಂಡು ಬಂದಿದ್ದೆ.

ಮೂರನೇ ವರ್ಷ ಪವರ್ ಬ್ಯಾಂಕ್. ಜಾತ್ರೆಯ ಅಂಗಡಿಯಲ್ಲಿ ತಗೊಂಡಿದ್ದು, ಮೇಲೆ ದೊಡ್ಡದಾಗಿ 20,000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಬರೆದಿತ್ತು, ರೇಟು 600 ರೂಪಾಯಿ. ಅವಳ ಹತ್ತಿರ ಹೆಬ್ಬೆರಳಷ್ಟು ದೊಡ್ಡ ಯುಎಸ್‌ಬಿ ಮೀಟರ್ ಇದೆ, ಎಷ್ಟು ಕರೆಂಟ್ ಹೊರಗೆ ಬಂತು ಅಂತ ಎಣಿಸುತ್ತೆ. ಅದನ್ನು ಹಚ್ಚಿದಳು. ನನಗೂ ಲೆಕ್ಕ ಹೇಳಿಕೊಟ್ಟಳು: ಡಬ್ಬಿಯ ಮೇಲಿನ ಅಂಕಿ ಒಳಗಿನ ಸೆಲ್ಲಿನದು, ಸೆಲ್ 3.7 ವೋಲ್ಟಿನದು. ಫೋನಿಗೆ ಹೋಗೋದು 5 ವೋಲ್ಟ್. ಗುಣಿಸಿ ಭಾಗಿಸಿದರೆ 20,000 ಅನ್ನೋದು 14,800ಕ್ಕೆ ಇಳಿಯುತ್ತೆ, ಅದರಲ್ಲೂ ಬಿಸಿಯಾಗಿ ಒಂದಿಷ್ಟು ಹೋಗುತ್ತೆ. ಹಾಗಾಗಿ ಒಳ್ಳೇ ಮಾಲಾದರೂ 12-13 ಸಾವಿರ ಬಂದರೆ ಸರಿಯಾಗಿದೆ ಅಂತಲೇ ಅರ್ಥ. ನಾನು ತಂದದ್ದು 4,000ಕ್ಕೆ ಕಣ್ಣು ಮುಚ್ಚಿತು. ಬಿಚ್ಚಿ ನೋಡಿದರೆ ಒಳಗೆ ಎರಡೇ ಸೆಲ್, ಉಳಿದ ಜಾಗದಲ್ಲಿ ತೂಕಕ್ಕೆ ಮರಳಿನ ಪುಡಿಕೆ! (ನೀವು ಬಿಚ್ಚೋಕೆ ಹೋಗಬೇಡಿ. ಲಿಥಿಯಂ ಸೆಲ್ಲಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ ಹತ್ತುತ್ತೆ.) ಪವರ್ ಬ್ಯಾಂಕಿಗೂ ಚಾರ್ಜರಿಗೂ ನಮ್ಮ ದೇಶದಲ್ಲಿ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನೋಂದಣಿ ಕಡ್ಡಾಯ, ಆರ್ ಅಕ್ಷರದಿಂದ ಶುರುವಾಗುವ ನಂಬರ್ ಮೈಮೇಲೆ ಇರಬೇಕು, ಬಿಐಎಸ್ ಕೇರ್ ಆಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತೆ. ಇದೆಲ್ಲ ಆಮೇಲೆ ಗೊತ್ತಾಗಿದ್ದು.

ಆದರೆ ವಿಚಿತ್ರ ನೋಡಿ, ಮೂರು ವರ್ಷದಲ್ಲಿ ಅವಳು ಹೆಚ್ಚು ಖುಷಿಪಟ್ಟ ಗಿಫ್ಟು ಅದೇ. ಎರಡು ದಿನ ಆ ಮರಳಿನ ಪುಡಿಕೆಯನ್ನು ಸ್ಟಾಫ್ ರೂಮಿನಲ್ಲೆಲ್ಲ ತೋರಿಸಿದಳಂತೆ. ನನಗೆ ಆಗ ತಿಳೀತು. ಇವಳಿಗೆ ಬೇಕಾಗಿರೋದು ಹೊಸ ಸಾಮಾನಲ್ಲ, ಬಿಚ್ಚಿ ನೋಡುವ ಕೆಲಸ. ಫೋನು, ಲ್ಯಾಪ್‌ಟಾಪ್ ಥರದ್ದನ್ನು ಇಂಥವರಿಗೆ ಸರ್ಪ್ರೈಸ್ ಅಂತ ತರಲೇಬಾರದು ಅಂತ ನನ್ನ ಅಭಿಪ್ರಾಯ. ಅವರು ಆರು ತಿಂಗಳಿಂದ ಒಂದೊಂದೇ ಮಾಡೆಲ್ ತೂಗಿ ನೋಡಿ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರ್ತಾರೆ. ನಾವು ತಂದದ್ದು ಅದರ ಪಕ್ಕದ ಮಾಡೆಲ್ ಆಗಿರುತ್ತೆ. ದುಡ್ಡೂ ಹೋಯಿತು, ಅವರು ಆರಿಸುವ ಸುಖವೂ ಹೋಯಿತು.

ನಾಲ್ಕನೇ ವರ್ಷ ಬೇರೆ ದಾರಿ ಹಿಡಿದೆ. ಅಂಗಡಿಯ ಉದ್ರಿ ಪುಸ್ತಕದ ಕೊನೆ ಪುಟದಲ್ಲಿ, ಫೆಬ್ರವರಿಯಿಂದ, ಅವಳು ಟೇಬಲ್ ಮುಂದೆ ಕೂತು ಗೊಣಗಿದ್ದನ್ನೆಲ್ಲ ಬರೆಯುತ್ತಾ ಹೋದೆ. "ಕರೆಂಟ್ ಹೋದ್ರ ವೈಫೈನೂ ಹೋತು." "ಸಣ್ಣ ಸ್ಕ್ರೂ ಎಲ್ಲಿ ಬಿತ್ತೋ." "ಈ ಕೇಬಲ್ ಯಾಕ ನಿಧಾನ." ಇವೆಲ್ಲ ಒಂದೊಂದು ಸಲ. ಒಂದು ಮಾತ್ರ ಏಳು ಸಲ ಬಂತು: "ಮತ್ತ ಪಟ್ಟಿ ಎದ್ದು ಬಂತು ನೋಡ್ರಿ."

ಪಟ್ಟಿ ಅಂದರೆ ಸರ್ಕ್ಯೂಟ್ ಬೋರ್ಡಿನ ಮೇಲಿನ ತಾಮ್ರದ ಗೆರೆ. ಅವಳ ಸೋಲ್ಡರಿಂಗ್ ಐರನ್ (ಬೆಸುಗೆ ಹಾಕೋ ಕಡ್ಡಿ) ಸಾದಾ 25 ವ್ಯಾಟಿನದು, ಪ್ಲಗ್ಗಿಗೆ ಹಾಕಿದರೆ ಕಾಯ್ತಾನೇ ಹೋಗುತ್ತೆ, ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿಲ್ಲ. ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗೋಕೆ ಶುರುವಾಗುತ್ತೆ, ಐರನ್ನಿನ ತುದಿ 320ರಿಂದ 350ರ ಒಳಗೆ ಇದ್ದರೆ ಕೆಲಸ ಸಲೀಸು. ಜಾಸ್ತಿ ಕಾದರೆ ತಾಮ್ರವನ್ನು ಹಿಡಿದ ಅಂಟೇ ಬಿಡುತ್ತೆ. ಹಾಗಾಗಿ ಬೇಕಾದದ್ದು ಡಿಗ್ರಿ ಸೆಟ್ ಮಾಡುವ ಸೋಲ್ಡರಿಂಗ್ ಸ್ಟೇಷನ್. ಇಷ್ಟನ್ನು ನನಗೆ ಬಿಡಿಸಿ ಹೇಳಿದ್ದು ಅವಳ ತಮ್ಮ. ಬೆಂಗಳೂರಿನಲ್ಲಿದ್ದಾನೆ, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರೋ ಎಸ್.ಪಿ. ರೋಡಿನಲ್ಲಿ ಓಡಾಡಿ ಗೊತ್ತು.

"ಮಾಮಾ, ಮೊದ್ಲ ಎರಡು ಕೇಳ್ರಿ," ಅಂದ. "230 ವೋಲ್ಟಿಂದು ಹೌದಿಲ್ಲೋ? ತುದಿ ಬಿಡಿಯಾಗಿ ಸಿಗ್ತಾವೋ ಇಲ್ಲೋ?"

ನಾನು ಆನ್‌ಲೈನಿನಲ್ಲಿ ಆರಿಸಿ ಇಟ್ಟಿದ್ದು 110 ವೋಲ್ಟಿನದು! ನಮ್ಮ ಪ್ಲಗ್ಗಿಗೆ ಹಾಕಿದ್ದರೆ ಅಲ್ಲೇ ಸುಟ್ಟು ಹೋಗ್ತಿತ್ತು. ತುದಿಯ ವಿಷಯವೂ ಅಷ್ಟೇ, ಅದು ಸವೆಯುವ ಸಾಮಾನು, ಊರಿಗೆ ತರಿಸೋಕೆ ಆಗದ ಜಾತಿಯದಾದರೆ ಆರು ತಿಂಗಳಿಗೆ ಸ್ಟೇಷನ್ ಮೂಲೆ ಸೇರುತ್ತೆ. ಅವನೇ ಅಂಗಡಿಗೆ ಹೋಗಿ, ಬಿಲ್ಲು ಹಾಕಿಸಿ, ನಾಲ್ಕು ಥರದ ತುದಿ, ಹಿತ್ತಾಳೆ ಎಳೆಯ ಒರೆಸುವ ಡಬ್ಬಿ, ಎಲ್ಲ ಸೇರಿ 4,200ಕ್ಕೆ ಕಳಿಸಿದ. ಒಂದು ಮಾತು, ಗಿಫ್ಟನ್ನು ತಿಂಗಳು ಮೊದಲೇ ತಂದು ಬಚ್ಚಿಡಬೇಡಿ. ವಾಪಸ್ ಕೊಡೋಕೆ ಸಾಮಾನ್ಯವಾಗಿ ವಾರವೋ ಹತ್ತು ದಿನವೋ ಇರುತ್ತೆ, ಅವರು ಡಬ್ಬಿ ಒಡೆಯುವ ಹೊತ್ತಿಗೆ ಅದು ಮುಗಿದಿರುತ್ತೆ. ನಾನು ಮೂರು ದಿನ ಮೊದಲು ಕೈಗೆ ಬರುವ ಹಾಗೆ ನೋಡಿಕೊಂಡೆ.

ಅದು ಬರೋದಕ್ಕೆ ಮುಂಚೆ, ಯಾವುದು ತರಿಸೋದು ಅಂತ ಗೊತ್ತಾದಾಗಲೇ, ಇಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಅಷ್ಟರಲ್ಲಿ ಅವಳ ತಮ್ಮನ ಫೋನು: "ಅಕ್ಕನ ಟೇಬಲ್ ಹತ್ರ ಅರ್ತಿಂಗ್ ಐತೇನ್ರಿ?"

ಇರಲಿಲ್ಲ. ನಮ್ಮದು ಅಜ್ಜನ ಕಾಲದ ಮನೆ. ಊರಿನ ಎಷ್ಟೋ ಜನ ಆಲಮಟ್ಟಿ ಹಿನ್ನೀರಿನಿಂದಾಗಿ ನವನಗರಕ್ಕೆ ಹೋಗಿ ಸೆಕ್ಟರಿನಲ್ಲಿ ಹೊಸ ಮನೆ ಕಟ್ಟಿಕೊಂಡರು, ನಾವು ಇಲ್ಲೇ ಉಳಿದೆವು. ಗೋಡೆಯಲ್ಲಿ ಎರಡು ಪಿನ್ನಿನ ಹಳೇ ಪ್ಲಗ್ಗು. ಅರ್ತ್ ಇಲ್ಲದಿದ್ದರೆ ಐರನ್ನಿನ ತುದಿಗೆ ಸಣ್ಣಗೆ ಕರೆಂಟ್ ಇಳಿಯಬಹುದು, ನಾಜೂಕಾದ ಚಿಪ್ಪು ಹಾಳಾಗಬಹುದು, ಕೈಗೂ ಜುಮ್ ಅನ್ನಬಹುದು. ಏಪ್ರಿಲ್ಲಿನಲ್ಲಿ ಅವಳು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋಕೆ ಹೋದಾಗ ವೈರ್‌ಮನ್‌ನನ್ನು ಕರೆಸಿದೆ. ಹಿತ್ತಲಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಟೇಬಲ್ಲಿನ ತನಕ ವೈರು ಎಳೆದು ಮೂರು ಪಿನ್ನಿನ ಬೋರ್ಡ್ ಕೂಡಿಸಿದ. ಆ ಬಿಸಿಲಲ್ಲಿ ಗುಂಡಿ ತೋಡೋಕೆ ಅವನು ಕೇಳಿದ ಕೂಲಿಗೆ ನಾನು ಚೌಕಾಸಿ ಮಾಡಲಿಲ್ಲ. ಸ್ಟೇಷನ್ನಿಗಿಂತ ಇದಕ್ಕೇ ಜಾಸ್ತಿ ಹೋಯಿತು. ಸಂಜೆ ಅವಳು ಕೇಳಿದ್ದಕ್ಕೆ "ಫ್ರಿಜ್ ಶಾಕ್ ಹೊಡೀತಿತ್ತಲ್ಲ" ಅಂದೆ. ಅದೂ ಸುಳ್ಳೇನಲ್ಲ, ಅವ್ವ ಎರಡು ವರ್ಷದಿಂದ ಚಪ್ಪಲಿ ಹಾಕಿಕೊಂಡೇ ಫ್ರಿಜ್ ತೆಗೀತಿದ್ದಳು.

ಮೇ ತಿಂಗಳಲ್ಲಿ, ಗಿಫ್ಟಿನ ದಿನ, ಸ್ಟೇಷನ್ ಡಬ್ಬಿಯನ್ನು ನಮ್ಮ ಅಂಗಡಿಯ ಸೀರೆ ಬಾಕ್ಸಿನಲ್ಲಿ ಇಟ್ಟು ಕೊಟ್ಟೆ. "ಮತ್ತ ಸೀರಿನಾ?" ಅಂದಳು, ಕೈಗೆ ತಗೊಂಡಳು, ತೂಕ ತಿಳಿದ ಕೂಡಲೇ ನನ್ನ ಮುಖ ನೋಡಿದಳು.

ಡಬ್ಬಿ ಒಡೆದು ಪ್ಲಗ್ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದಾಗ ಮೂರು ಪಿನ್ನಿನ ಬೋರ್ಡ್ ಕಂಡಿತು. ಸ್ವಲ್ಪ ಹೊತ್ತು ಸುಮ್ನೆ ನಿಂತಳು. "ಫ್ರಿಜ್ ಇರೋದು ಅಡಿಗಿಮನ್ಯಾಗ ಅಲ್ರೀ," ಅಂದಳು.

ಆ ರಾತ್ರಿ ಹನ್ನೊಂದರ ತನಕ ಅವ್ವನ ಹಳೇ ರೇಡಿಯೋ ಬಿಚ್ಚಿಕೊಂಡು ಕೂತಿದ್ದಳು, ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ. ಈಗ ಬೆಸುಗೆಯ ಹೊಗೆ ಕಣ್ಣಿಗೆ ಬರುತ್ತೆ ಅಂತ ಶುರು ಮಾಡಿದ್ದಾಳೆ. ಉದ್ರಿ ಪುಸ್ತಕದಲ್ಲಿ ನಿನ್ನೆಗೆ ಮೂರು ಸಲ ಆಯಿತು.