ಪೇಡೆಗೆ ಟ್ಯೂಬು, ಗಿರಮಿಟ್ಟಿಗೆ ಪ್ಲೇಟು

ತಿನಿಸಿನ ಶುಚಿತ್ವ ಅಳೆಯಲು ಎಣಿಸುವ ಒಂದು ಬ್ಯಾಕ್ಟೀರಿಯಾ ಗುಂಪು ಕೋಲಿಫಾರ್ಮ್. ಅವನ್ನು ಎಣಿಸುವ ಮೊದಲು ಒಂದು ಅಂದಾಜು ಬೇಕು: ಈ ತಿನಿಸಿನಲ್ಲಿ ಅವು ಎಷ್ಟಿರಬಹುದು? ಧಾರವಾಡ ಪೇಡೆಯ ಖವಾ ಚೆನ್ನಾಗಿ ಹುರಿದದ್ದು. ಆ ಕಾವಿಗೆ ಕೋಲಿಫಾರ್ಮ್ ಉಳಿಯುವುದಿಲ್ಲ. ಸಿಕ್ಕರೆ ಆಮೇಲೆ ಕೈಯಿಂದಲೋ ಪಾತ್ರೆಯಿಂದಲೋ ಸೇರಿದ್ದು, ಅದೂ ಸಾಮಾನ್ಯವಾಗಿ ಸ್ವಲ್ಪವೇ. ಹುಬ್ಬಳ್ಳಿ ಗಿರಮಿಟ್ಟಿನ ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಇರುತ್ತವೆ. ಸೊಪ್ಪಿನಲ್ಲಿ ಕೋಲಿಫಾರ್ಮ್ ಸಹಜ, ಎಲ್ಲವೂ ಮಲದಿಂದ ಬಂದವಲ್ಲ. ಹೆಚ್ಚಿರುವಲ್ಲಿ ಪ್ಲೇಟು, ಕಡಿಮೆ ಇರುವಲ್ಲಿ ಟ್ಯೂಬು.

ಎರಡಕ್ಕೂ ಶುರು ಒಂದೇ. 25 ಗ್ರಾಂ ತಿನಿಸನ್ನು 225 ಮಿಲಿ ಶುದ್ಧ ದ್ರಾವಣದಲ್ಲಿ ಚೆನ್ನಾಗಿ ಕದಡಿ. ಇದು ಹತ್ತು ಪಟ್ಟು ತೆಳುವಾದ ದ್ರಾವಣ. ಇದರಿಂದಲೇ ನೂರು, ಸಾವಿರ ಪಟ್ಟಿನದನ್ನೂ ಮಾಡಿಕೊಳ್ಳಿ.

ಗಿರಮಿಟ್ಟಿಗೆ: 1 ಮಿಲಿ ಪ್ಲೇಟಿಗೆ ಹಾಕಿ, ಕೈ ಸುಡದಷ್ಟು ಆರಿದ ವೈಲೆಟ್ ರೆಡ್ ಬೈಲ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ, ಆರಿದಾಗ ಗಟ್ಟಿಯಾಗುವ ಜೆಲ್ಲಿ) ಸುರಿಯಿರಿ. ಗಟ್ಟಿಯಾದ ಮೇಲೆ ಇನ್ನೊಂದು ತೆಳು ಪದರ ಸುರಿಯಬೇಕು, ಅದನ್ನು ಬಿಡಬೇಡಿ. ಒಂದು ದಿನ 37 ಡಿಗ್ರಿಯಲ್ಲಿಟ್ಟರೆ ಕೆನ್ನೇರಳೆ ಚುಕ್ಕೆಗಳು ಕಾಣುತ್ತವೆ. ನೂರು ಪಟ್ಟಿನ ಪ್ಲೇಟಿನಲ್ಲಿ 62 ಇದ್ದರೆ ಗ್ರಾಂಗೆ 6,200.

ಪೇಡೆಗೆ: ಮೂರೂ ದ್ರಾವಣಗಳಿಂದ ಮೂರು ಮೂರು ಟ್ಯೂಬು, ಒಟ್ಟು ಒಂಬತ್ತು. ಒಳಗೆ ಲಾರಿಲ್ ಟ್ರಿಪ್ಟೋಸ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ), ಅದರಲ್ಲಿ ಬೋರಲು ಹಾಕಿದ ಪುಟ್ಟ ಡರ್ಹಾಮ್ ಟ್ಯೂಬು. ಎರಡು ದಿನದೊಳಗೆ ಅದರಲ್ಲಿ ಗಾಳಿ ಗುಳ್ಳೆ ನಿಂತರೆ ಆ ಟ್ಯೂಬು ಲೆಕ್ಕಕ್ಕೆ ಬರುತ್ತದೆ. ಹತ್ತು, ನೂರು, ಸಾವಿರ ಪಟ್ಟಿನವುಗಳಲ್ಲಿ ಗುಳ್ಳೆ ಬಂದ ಟ್ಯೂಬುಗಳು ಕ್ರಮವಾಗಿ 3-1-0 ಆದರೆ, ಇದಕ್ಕೆಂದೇ ಇರುವ ಕೋಷ್ಟಕ ಗ್ರಾಂಗೆ 43 ಎನ್ನುತ್ತದೆ. ನಿಜ ಸಂಖ್ಯೆ 9 ಇರಬಹುದು, 180 ಕೂಡ ಇರಬಹುದು! ಇದು ಎಣಿಕೆಯಲ್ಲ, ಲೆಕ್ಕಾಚಾರದ ಅಂದಾಜು. ಆದರೂ ಪೇಡೆಗೆ ನನ್ನ ಮತ ಟ್ಯೂಬಿಗೇ. ಕಾವು, ಒಣಗುವಿಕೆಯಿಂದ ಸುಸ್ತಾದ ಬ್ಯಾಕ್ಟೀರಿಯಾಕ್ಕೆ ಅಗರ್‌ನ ಪಿತ್ತ ಲವಣ, ಬಣ್ಣ ಜಾಸ್ತಿಯಾಗುತ್ತವೆ, ಬ್ರಾತ್‌ನಲ್ಲಿ ಅವು ಚೇತರಿಸಿಕೊಳ್ಳುತ್ತವೆ.

ಇಲ್ಲೊಂದು ಮೋಸ ಇದೆ. ಕೋಲಿಫಾರ್ಮ್ ಗುರುತಿಸುವುದು ಹಾಲಿನ ಸಕ್ಕರೆ ಹುಳಿಯಾಗಿಸುವ ಗುಣದಿಂದ. ಪೇಡೆಯ ಸಕ್ಕರೆಯೂ ಜತೆಗೆ ಬಂದಿರುತ್ತದಲ್ವಾ? ಅದನ್ನೇ ತಿಂದು ಬೇರೆ ಬ್ಯಾಕ್ಟೀರಿಯಾ ಕೂಡ ಅದೇ ಬಣ್ಣ, ಅದೇ ಗುಳ್ಳೆ ಕೊಡಬಹುದು. ಅದಕ್ಕೇ ಗುಳ್ಳೆ ಬಂದ ಪ್ರತಿ ಟ್ಯೂಬಿನಿಂದ ಒಂದೊಂದು ಲೂಪ್ (ತಂತಿಯ ಪುಟ್ಟ ಬಳೆಯಲ್ಲಿ ನಿಲ್ಲುವಷ್ಟು) ತೆಗೆದು, ಬ್ರಿಲಿಯಂಟ್ ಗ್ರೀನ್ ಬ್ರಾತ್‌ಗೆ ಹಾಕಿ ಖಾತ್ರಿ ಮಾಡಿಕೊಳ್ಳಿ. ಪ್ಲೇಟಿನಲ್ಲಿ ಅನುಮಾನದ ಚುಕ್ಕೆಗಳಿದ್ದರೆ ಅವಕ್ಕೂ ಇದೇ ದಾರಿ.

ಒಂದೂ ಚುಕ್ಕೆ ಇಲ್ಲದಿದ್ದರೆ ವರದಿಯಲ್ಲಿ ಸುಮ್ನೆ ಸೊನ್ನೆ ಬರೆಯಬೇಡಿ. ಹತ್ತು ಪಟ್ಟಿನ ಪ್ಲೇಟಾದರೆ ‘ಗ್ರಾಂಗೆ 10ಕ್ಕಿಂತ ಕಡಿಮೆ’, ಒಂಬತ್ತೂ ಟ್ಯೂಬಿನಲ್ಲಿ ಗುಳ್ಳೆ ಇಲ್ಲದಿದ್ದರೆ ‘3ಕ್ಕಿಂತ ಕಡಿಮೆ’.