ಮಳೆಗಾಲದ ತರಗತಿ: ಹದಿಹರೆಯದವರಿಗೆ ಮಾತು ಕೇಳಿಸುತ್ತಿದೆಯೇ ಎಂದು ನೋಡುವ ಬಗೆ

ಸದ್ದಿಲ್ಲದ ಕೋಣೆಯಲ್ಲಿ ಸಣ್ಣ ದನಿ ಕೇಳುವ ಶಕ್ತಿ ಹತ್ತು ವರ್ಷದ ಹೊತ್ತಿಗೆ ಬಹುತೇಕ ದೊಡ್ಡವರಷ್ಟೇ ಇರುತ್ತದೆ. ಗದ್ದಲದಲ್ಲಿ, ಅದರಲ್ಲೂ ಬೇರೆಯವರ ಮಾತಿನ ನಡುವೆ, ಒಬ್ಬರ ಮಾತನ್ನು ಹೆಕ್ಕಿ ತೆಗೆಯುವ ಕೌಶಲ ಮಾತ್ರ ಹದಿಹರೆಯದಲ್ಲೂ ಬೆಳೆಯುತ್ತಲೇ ಇರುತ್ತದೆ. ಅದು ಮಿದುಳಿನ ಕೆಲಸ. ಆದ್ದರಿಂದ ಕೊಡಗಿನ ಜುಲೈ ಮಳೆ ಶೀಟಿನ ಮಾಡಿಗೆ ಬಡಿಯುವಾಗ ಎಂಟನೇ ತರಗತಿಯ ಮಗು ಪಾಠ ತಪ್ಪಿಸಿಕೊಂಡರೆ ದಯವಿಟ್ಟು ಅಸಡ್ಡೆ ಎನ್ನಬೇಡಿ. ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಇಂಗ್ಲಿಷ್ ಎಂದಾದರೆ ಕಷ್ಟ ಇನ್ನೂ ಹೆಚ್ಚು.

ಮಗುವಿನ ಬೆನ್ನ ಹಿಂದೆ ಮೂರು ಮೀಟರ್ ದೂರ ನಿಲ್ಲಿ. ಎದುರು ನಿಂತರೆ ತುಟಿ ನೋಡಿ ಊಹಿಸುತ್ತಾರೆ. ಕಾಲು, ಪಾಲು, ಸಾಲು, ಹಾಲು, ನಾಲ್ಕು, ಹಾಕು, ಸಾಕು, ಬೇಕು ಇಂಥ ಪದಗಳನ್ನು ಕ್ರಮ ಕಲಸಿ, ಮಾಮೂಲಿ ದನಿಯಲ್ಲಿ ಹೇಳಿ, ತಿರುಗಿ ಹೇಳಿಸಿ. ಮಳೆ ನಿಂತಾಗ ಒಮ್ಮೆ, ಸುರಿಯುವಾಗ ಒಮ್ಮೆ. ಅದೇ ವಯಸ್ಸಿನ ಇನ್ನೊಬ್ಬರಿಗೂ ಮಾಡಿ ಹೋಲಿಸಿ.

ನಿಶ್ಶಬ್ದದಲ್ಲೂ ತಪ್ಪಾದರೆ ಗುಗ್ಗೆ ಇರಬಹುದು, ಶೀತದ ನಂತರ ನಡುಗಿವಿಯಲ್ಲಿ ನೀರು ನಿಂತಿರಬಹುದು. ಕಿವಿಗೆ ಕಡ್ಡಿ, ಎಣ್ಣೆ ಹಾಕದೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಆಡಿಯೋಗ್ರಾಂ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ. ಮಳೆಯಲ್ಲಷ್ಟೇ ತಪ್ಪಾದರೂ ಕಷ್ಟ ಮುಂದುವರಿದರೆ ತೋರಿಸಿ. ಅಲ್ಲಿಯವರೆಗೆ ಮೊದಲ ಬೆಂಚಿಗೆ ಕರೆತನ್ನಿ. ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಪ್ರತಿಧ್ವನಿಸುವ ಕೋಣೆಯಲ್ಲಿ ಅದಕ್ಕಿಂತ ಕಡಿಮೆ. ಮಳೆ ಜೋರಾದಾಗ ಉಕ್ತಲೇಖನ ಬೇಡ, ಬೋರ್ಡಿನ ಮೇಲೆ ಬರೆಯಿರಿ.